ಬಾಗಿಲು ಕಾಯುವ ಮೌಂಟ್‌ಡಿ



ನಮ್ಮ ಹಾಸ್ಟೆಲಿನಲ್ಲಿದ್ದು ಓದಿದವರು ಶನಿವಾರದ ಮಧ್ಯಾಹ್ನಗಳನ್ನು ಮರೆತಿರಲಾರರು. ಊರಿನಿಂದ ತಂದೆಯೋ ಸೋದರಮಾವನೋ ಬಂದು ಗೇಟಿನ ಬಳಿ ನಿಂತರೆ ಅವರನ್ನು ನೆಟ್ಟಗೆ ಒಳಕ್ಕೆ ಬಿಡುವ ಪದ್ಧತಿ ಇರಲಿಲ್ಲ. ವರ್ಷಾರಂಭದಲ್ಲಿ ತಾಯಿತಂದೆಗಳು ಬರೆದುಕೊಟ್ಟಿದ್ದ ಹೆಸರುಗಳ ಪಟ್ಟಿಯನ್ನು ಮೇಟ್ರನ್ ಅಮ್ಮನವರು ತೆರೆದು ನೋಡಿ, ಬಂದವರ ಹೆಸರು ಅದರಲ್ಲಿದ್ದರೆ ಒಂದು ಚೀಟಿಯನ್ನು ಬರೆದುಕೊಡುವರು. ಆ ಚೀಟಿಯನ್ನು ತೋರಿಸಿದ ಮೇಲೆಯೇ ಭೇಟಿಯ ಕೋಣೆಯೊಳಕ್ಕೆ ಪ್ರವೇಶ. ಪಟ್ಟಿಯಲ್ಲಿ ಇಲ್ಲದವರು ತಂದ ಬುತ್ತಿಯ ಗಂಟನ್ನು ಗೇಟಿನಲ್ಲಿಯೇ ಕೊಟ್ಟು ಹಿಂದಿರುಗಬೇಕಾಗಿತ್ತು. ಈ ಕಟ್ಟಳೆಯ ಮೇಲೆ ಆಗ ನಾವೆಲ್ಲರೂ ಗೊಣಗಿದವರೇ.

ಈ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ನಾನು ಕಲಿಸುವ ವ್ಯಾಕರಣವನ್ನು ಬಿಟ್ಟು ಕಂಪ್ಯೂಟರಿನೊಳಗಿನ ಅಂತಹದೇ ಒಬ್ಬ ಬಾಗಿಲ ಸೇವಕನ ವಿಷಯವನ್ನು ಆರಿಸಿಕೊಂಡೆನು. ಯಾತಕ್ಕೆಂದರೆ, ನಿಮ್ಮ ಹೆಣ್ಣುಮಕ್ಕಳ ಹೆಸರು, ಮನೆಯ ವಿಳಾಸ, ಅಂಕಗಳು ಈಗ ಶಾಲೆಯ ಆಫೀಸಿನ ಬೀರುವಿನಲ್ಲಿ ಮಾತ್ರವಲ್ಲದೆ ಒಂದು ಯಂತ್ರದಲ್ಲಿಯೂ ಇರುವುವು. ಆ ಯಂತ್ರದ ಬಾಗಿಲು ಸುಮಾರು ಎರಡು ತಿಂಗಳ ಕಾಲ ನನ್ನ ಕೈತಪ್ಪಿನಿಂದಲೇ ಹಾರು ಹೊಡೆದಿತ್ತು. ೨೦೨೨ನೆಯ ಇಸವಿಯ ಪೋಷಕರ ಸಭೆಯಲ್ಲಿ ಇದನ್ನು ಬಾಯಿಮಾತಿನಲ್ಲಿ ತಿಳಿಸಿದ್ದೇನಾದರೂ, ಹೇಗಾಯಿತೆಂಬುದನ್ನು ವಿವರಿಸಲು ಅಂದು ಸಮಯ ಸಾಲಲಿಲ್ಲ. ಅದನ್ನು ತಿಳಿಯಬೇಕಾದರೆ ಮೊದಲು ಯಂತ್ರದ ಕ್ರಮವನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು.

ಒಂದು ಕಂಪ್ಯೂಟರಿನ ಡಿಸ್ಕಿನಲ್ಲಿರುವ ಫೋಲ್ಡರನ್ನು ಮತ್ತೊಂದು ಕಂಪ್ಯೂಟರಿನವರು ತಮ್ಮದೇ ಎಂಬಂತೆ ತೆರೆದು ಓದಿ ಬರೆಯುವ ಏರ್ಪಾಡುಗಳು ಹಲವು ಇವೆ. ಅವುಗಳಲ್ಲಿ ಬಹಳ ಹೆಸರಾದದ್ದು ನೆಟ್‌ವರ್ಕ್ ಫೈಲ್ ಸಿಸ್ಟಮ್, ಇದನ್ನು ಎನ್. ಎಫ್. ಎಸ್. ಎಂದು ಕರೆಯುವರು. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿದ್ದ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪೆನಿಯವರು ೧೯೮೪ರಲ್ಲಿ ಇದನ್ನು ಸಿದ್ಧಪಡಿಸಿದರು. ಎರಡನೆಯ ಆವೃತ್ತಿಯ ನಿಯಮಗಳು ೧೯೮೯ರಲ್ಲಿಯೂ ಮೂರನೆಯದರ ನಿಯಮಗಳು ೧೯೯೫ರಲ್ಲಿಯೂ ಎಲ್ಲರ ಉಪಯೋಗಕ್ಕಾಗಿ ಪ್ರಕಟವಾದವು. ನಾಲ್ಕನೆಯದು ೨೦೦೦ದಲ್ಲಿ ಬಂದಿತು. ನಮ್ಮ ಶಾಲೆಯ ಯಂತ್ರಗಳು ಹಳೆಯವಾದುದರಿಂದ ಮೂರನೆಯದರಲ್ಲಿಯೇ ನಡೆಯುತ್ತಿವೆ. ನನ್ನ ವಿವರಣೆಯೂ ಮುಖ್ಯವಾಗಿ ಅದಕ್ಕೆ ಸೇರಿದ್ದು. ಫೋಲ್ಡರನ್ನು ತನ್ನಲ್ಲಿ ಇಟ್ಟುಕೊಂಡಿರುವ ಯಂತ್ರಕ್ಕೆ ಸರ್ವರು ಎಂದೂ, ಕೇಳುವ ಯಂತ್ರಕ್ಕೆ ಕ್ಲೈಂಟು ಎಂದೂ ಹೆಸರು. ಪರಯಂತ್ರದ ಫೋಲ್ಡರನ್ನು ತನ್ನ ಫೋಲ್ಡರುಗಳ ನಡುವೆ ತಂದು, ಮರಕ್ಕೆ ಹೊಸ ಕೊಂಬೆಯನ್ನು ಕಸಿ ಕಟ್ಟಿದ ಹಾಗೆ ಕೂಡಿಸಿಕೊಳ್ಳುವುದಕ್ಕೆ ‘ಮೌಂಟ್’ ಮಾಡುವುದು ಎನ್ನುವರು. ಕಸಿಯ ಕೊಂಬೆಯ ಬೇರು ಮಾತ್ರ ಸರ್ವರಿನಲ್ಲಿಯೇ ಇರುವುದು.

ಮೌಂಟ್ ಮಾಡಲು ಅಪ್ಪಣೆ ಬೇಕೆಂದು ಬರುವ ಅರಿಕೆಗಳನ್ನು ವಿಚಾರಿಸುವುದಕ್ಕಾಗಿ ಸರ್ವರಿನಲ್ಲಿ ಒಬ್ಬ ಸೇವಕನನ್ನು ನಿಲ್ಲಿಸಿರುವರು. ಅವನ ಹೆಸರು ಮೌಂಟ್‌ಡಿ. ಕೊನೆಯ ‘ಡಿ’ ಎಂಬುದು ಡೀಮನ್ ಎಂಬ ಶಬ್ದದ ಸಂಕ್ಷೇಪ. ಕಂಪ್ಯೂಟರು ತರಗತಿಯಲ್ಲಿ ಉಪಾಧ್ಯಾಯಿನಿಯವರು ಈ ಶಬ್ದವನ್ನು ಕಪ್ಪು ಹಲಗೆಯ ಮೇಲೆ ಬರೆದಾಗ ಒಬ್ಬ ಹುಡುಗಿಯು ಎದ್ದು ನಿಂತು, ನಮ್ಮ ಶಾಲೆಯಲ್ಲಿ ದೆವ್ವದ ಪಾಠವನ್ನು ಮಾಡಬಹುದೇ ಎಂದು ಕೇಳಿದಳಂತೆ. ಪ್ರಶ್ನೆಯು ನನ್ನವರೆಗೂ ಬಂದುದರಿಂದ ಇಲ್ಲಿ ಉತ್ತರ ಹೇಳುತ್ತೇನೆ. ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲರು ೧೮೬೭ರಲ್ಲಿ ಒಂದು ಕಾಲ್ಪನಿಕ ಪ್ರಯೋಗವನ್ನು ಯೋಚಿಸಿದರು. ಗಾಳಿ ತುಂಬಿದ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಅದರ ಬಳಿ ಕುಳಿತ ಅತಿಸೂಕ್ಷ್ಮ ಜೀವಿಯೊಂದು ವೇಗವಾಗಿ ಬರುವ ಕಣಗಳನ್ನು ಒಂದು ಕಡೆಗೂ ನಿಧಾನವಾಗಿ ಬರುವುವನ್ನು ಮತ್ತೊಂದು ಕಡೆಗೂ ಬಿಡುತ್ತಿರುವುದು. ಆ ಜೀವಿಗೆ ಡೀಮನ್ ಎಂಬ ಹೆಸರನ್ನು ಕೊಟ್ಟವರು ಅನಂತರ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ನರು. ಅಮೆರಿಕಾದ ಎಂ. ಐ. ಟಿ. ವಿದ್ಯಾಸಂಸ್ಥೆಯಲ್ಲಿ ೧೯೬೩ರ ಸುಮಾರಿಗೆ ಕೆಲಸ ಮಾಡುತ್ತಿದ್ದವರು, ಯಾರ ಕಣ್ಣಿಗೂ ಬೀಳದೆ ಹಿಂದೆ ನಿಂತು ದುಡಿಯುವ ಕಾರ್ಯಕ್ರಮಗಳಿಗೆ ಅದೇ ಹೆಸರನ್ನು ಇಟ್ಟರು. ಹೀಗಾಗಿ ಹೆದರಬೇಕಾದ ಕಾರಣವಿಲ್ಲ. ಮ್ಯಾಕ್ಸ್‌ವೆಲ್ಲರ ಜೀವಿಯು ಬಾಗಿಲು ಕಾಯುತ್ತಿತ್ತು ಎಂಬುದು ನಮ್ಮ ಮೌಂಟ್‌ಡಿಗೆ ಬಹಳ ಚೆನ್ನಾಗಿ ಒಪ್ಪುವುದು.

ಈಗ ಒಂದು ಅರಿಕೆಯು ಬರುವ ಬಗೆಯನ್ನು ನೋಡೋಣ. ಆಫೀಸಿನ ಕಂಪ್ಯೂಟರು ಸರ್ವರಿನಲ್ಲಿರುವ ದಾಖಲೆಗಳ ಫೋಲ್ಡರನ್ನು ಮೌಂಟ್ ಮಾಡಬೇಕಾಗಿದೆ ಎನ್ನಿರಿ. ಸರ್ವರಿಗೆ ಸಾವಿರಾರು ಬಾಗಿಲುಗಳು; ಅವುಗಳಿಗೆ ಪೋರ್ಟುಗಳೆಂದು ಹೆಸರು, ಒಂದೊಂದಕ್ಕೂ ಒಂದೊಂದು ನಂಬರು. ಮೌಂಟ್‌ಡಿಯು ಯಾವ ಬಾಗಿಲಿನಲ್ಲಿ ಕುಳಿತಿರುವನೆಂಬುದು ಬಂದವರಿಗೆ ಮುಂದಾಗಿ ತಿಳಿದಿರಬೇಕೆಂಬ ನಿಯಮವಿಲ್ಲ. ಆದಕಾರಣ ಕ್ಲೈಂಟು ಮೊದಲು ೧೧೧ನೆಯ ಪೋರ್ಟಿಗೆ ಹೋಗುವುದು. ಅಲ್ಲಿ ಆರ್‌ಪಿಸಿಬೈಂಡ್ ಎಂಬ ಮತ್ತೊಬ್ಬ ಸೇವಕನಿರುವನು. ‘೧೦೦೦೦೫ನೆಯ ನಂಬರಿನ ಸೇವೆ, ಮೂರನೆಯ ಆವೃತ್ತಿ, ಎಲ್ಲಿ ದೊರೆಯುವುದು?’ ಎಂದು ಕೇಳಿದರೆ ಅವನು ಬಾಗಿಲ ನಂಬರನ್ನು ಹೇಳುವನು. ೧೦೦೦೦೫ ಎಂಬುದು ಲೋಕದ ಎಲ್ಲ ಸರ್ವರುಗಳಲ್ಲಿಯೂ ಮೌಂಟ್ ಸೇವೆಗೆ ಗೊತ್ತುಮಾಡಿದ ಅಂಕೆ. ಬಾಗಿಲ ನಂಬರು ಮಾತ್ರ ಸರ್ವರಿನಿಂದ ಸರ್ವರಿಗೆ ಬೇರೆಯಾಗಬಹುದು; ಈಚೆಗೆ ೨೦೦೪೮ ಎಂಬುದನ್ನು ಅದಕ್ಕಾಗಿ ಮೀಸಲಿಟ್ಟಿರುವರು.

ಕ್ಲೈಂಟು ಆ ಬಾಗಿಲಿಗೆ ಬಂದು ತನಗೆ ಬೇಕಾದ ಫೋಲ್ಡರಿನ ಪೂರ್ತಿ ದಾರಿಯನ್ನು ಬರೆದು ಒಪ್ಪಿಸುವುದು. ಮೌಂಟ್‌ಡಿಯು ವಿಚಾರಿಸುವ ಸಂಗತಿಗಳು ಸ್ವಲ್ಪವೇ. ಇಂತಹ ಫೋಲ್ಡರು ಇದೆಯೇ? ಅದನ್ನು ಹೊರಗಿನವರಿಗೆ ತೋರಿಸಲು ಯಜಮಾನರ ಅಪ್ಪಣೆಯಾಗಿದೆಯೇ? ಕೇಳುತ್ತಿರುವ ಯಂತ್ರದ ವಿಳಾಸವು ಆ ಅಪ್ಪಣೆಯೊಳಗೆ ಬರುವುದೇ? ಅಪ್ಪಣೆಗಳೆಲ್ಲವೂ ಎಕ್ಸ್‌ಪೋರ್ಟ್ಸ್ ಎಂಬ ಒಂದು ಸಣ್ಣ ಫೈಲಿನಲ್ಲಿ ಸಾಲುಸಾಲಾಗಿ ಬರೆದಿರುವುವು. ಒಂದು ಸಾಲಿನಲ್ಲಿ ಫೋಲ್ಡರಿನ ದಾರಿ, ಅದರ ಮುಂದೆ ಯಂತ್ರದ ಹೆಸರು, ಹೆಸರಿಗೆ ತಾಗಿದಂತೆ ಕಂಸದೊಳಗೆ ಆ ಯಂತ್ರಕ್ಕೆ ಕೊಟ್ಟ ಅಧಿಕಾರ. ಒಂದೇ ಯಂತ್ರವನ್ನು ಹೆಸರಿಸಬಹುದು, ಒಂದು ಗುಂಪನ್ನು ಹೆಸರಿಸಬಹುದು, ಎಲ್ಲರಿಗೂ ಎನ್ನಬಹುದು. ಒಂದು ಯಂತ್ರಕ್ಕೆ ಎರಡು ಅಪ್ಪಣೆಗಳು ಹೊಂದುವಂತಿದ್ದರೆ ಅದನ್ನೇ ಹೆಸರಿಸಿ ಬರೆದದ್ದು ಮೇಲು. ಎಲ್ಲರಿಗೂ ಎಂಬುದು ಕಟ್ಟಕಡೆಯದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿರಿ, ಮುಂದೆ ಇದರಿಂದಲೇ ಗಂಟು ಬಿಡುವುದು.

ವಿಚಾರಣೆಯು ಸರಿಬಾರದಿದ್ದರೆ ಮೌಂಟ್‌ಡಿಯು ಒಂದು ಅಂಕೆಯನ್ನು ಹಿಂದಿರುಗಿಸುವನು. ಫೋಲ್ಡರೇ ಇಲ್ಲದಿದ್ದರೆ ೨. ಅಪ್ಪಣೆ ಇಲ್ಲದಿದ್ದರೆ ೧೩. ಸರಿಬಂದರೆ ಸೊನ್ನೆಯೊಡನೆ ಒಂದು ಹ್ಯಾಂಡಲನ್ನು ಕೊಡುವನು. ಇದೇ ನಮ್ಮ ಮೇಟ್ರನ್ ಅಮ್ಮನವರ ಚೀಟಿ. ಮೂರನೆಯ ಆವೃತ್ತಿಯಲ್ಲಿ ಇದರ ಉದ್ದವು ಹೆಚ್ಚೆಂದರೆ ೬೪ ಬೈಟುಗಳು. ಫೋಲ್ಡರು ಯಾವ ಡಿಸ್ಕಿನ ಭಾಗದಲ್ಲಿದೆ, ಅಲ್ಲಿ ಅದರ ಕ್ರಮಸಂಖ್ಯೆ ಏನು, ಆ ಸಂಖ್ಯೆಯು ಎಷ್ಟನೆಯ ಸಲ ಉಪಯೋಗಕ್ಕೆ ಬಂದಿದೆ ಎಂಬ ಸಂಗತಿಗಳು ಸಾಮಾನ್ಯವಾಗಿ ಅದರಲ್ಲಿ ಅಡಗಿರುವುವು. ಕ್ಲೈಂಟಿಗೆ ಅದರ ಅರ್ಥ ತಿಳಿಯಬೇಕಾದುದಿಲ್ಲ. ಜೋಪಾನವಾಗಿ ಇಟ್ಟುಕೊಂಡು ಪ್ರತಿಯೊಂದು ಸಲವೂ ತೋರಿಸಿದರೆ ಸಾಕು. ಫೋಲ್ಡರನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಮಾಡಿದರೆ ಹಳೆಯ ಹ್ಯಾಂಡಲು ಹಳಸಿಹೋಗುವುದು. ಹೆಸರು ಒಂದೇ ಆದರೂ ಒಳಗಿನ ಸಂಖ್ಯೆ ಬೇರೆ.

ಹ್ಯಾಂಡಲು ಕೊಟ್ಟ ಮೇಲೆ ಮೌಂಟ್‌ಡಿಯು ತನ್ನ ದಫ್ತರಿನಲ್ಲಿ ಬಂದವರ ಹೆಸರನ್ನು ಬರೆದುಕೊಂಡು ಸುಮ್ಮನೆ ಕುಳಿತುಬಿಡುವನು. ಓದುವ ಬರೆಯುವ ವ್ಯವಹಾರವೆಲ್ಲವೂ ೨೦೪೯ನೆಯ ಪೋರ್ಟಿನಲ್ಲಿರುವ ಎನ್‌ಎಫ್‌ಎಸ್‌ಡಿ ಎಂಬ ಬೇರೊಬ್ಬ ಸೇವಕನ ಸಂಗಡ. ಹಿಂದಿನ ಕಾಲದ ಕೆಲವು ಸರ್ವರುಗಳಲ್ಲಿ ಇದರಿಂದ ಒಂದು ಕೇಡಿತ್ತು. ಹ್ಯಾಂಡಲಿನ ಅಂಕೆಗಳನ್ನು ಊಹಿಸಬಲ್ಲವನು ಮೌಂಟ್‌ಡಿಯ ಮುಖವನ್ನೇ ನೋಡದೆ ಒಳಹೊಗಬಹುದಾಗಿತ್ತು. ಅದಕ್ಕಾಗಿ ಸನ್ ಕಂಪೆನಿಯವರು ಆ ಅಂಕೆಗಳನ್ನು ಊಹೆಗೆ ಸಿಕ್ಕದಂತೆ ಕಲಸಿಬಿಡುವ ಉಪಕರಣವನ್ನೂ ಮಾಡಬೇಕಾಯಿತು. ನಮ್ಮ ಸರ್ವರಿನಲ್ಲಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಕ್ರಮವು ಹೆಚ್ಚು ಬಿಗಿಯಾದುದು. ಪ್ರತಿಯೊಂದು ಅರಿಕೆ ಬಂದಾಗಲೂ ಕೇಳುವವನ ವಿಳಾಸಕ್ಕೆ ಅಪ್ಪಣೆ ಇದೆಯೇ ಎಂದು ಎನ್‌ಎಫ್‌ಎಸ್‌ಡಿಯು ನೋಡುವನು. ತನಗೆ ತಿಳಿಯದಿದ್ದರೆ ಮೌಂಟ್‌ಡಿಯನ್ನೇ ಕೇಳುವನು, ಬಂದ ಉತ್ತರವನ್ನು ವಾಡಿಕೆಯಾಗಿ ೩೦ ನಿಮಿಷ ನೆನಪಿನಲ್ಲಿಟ್ಟುಕೊಳ್ಳುವನು. ನಮ್ಮ ಗೇಟಿನಲ್ಲಿ ಇಷ್ಟು ಬಿಗಿ ಎಂದೂ ಇರಲಿಲ್ಲ. ಒಂದು ಸಲ ಚೀಟಿ ಸಿಕ್ಕಿದ ಸೋದರಮಾವನು ಸಂಜೆಯವರೆಗೂ ಕುಳಿತಿರಬಹುದಾಗಿತ್ತು.

ಇಷ್ಟಾದರೂ ಒಂದು ಸಂಗತಿಯನ್ನು ಗಮನಿಸಬೇಕು. ಮೌಂಟ್‌ಡಿಯು ಗುರುತಿಸುವುದು ಯಂತ್ರವನ್ನೇ ಹೊರತು ಮನುಷ್ಯನನ್ನಲ್ಲ. ಯಂತ್ರದ ಮುಂದೆ ಯಾರು ಕುಳಿತಿದ್ದಾರೆಂಬುದನ್ನು ಸರ್ವರು ತಾನಾಗಿ ಅರಿಯದು. ವಾಡಿಕೆಯ ಏರ್ಪಾಡಿನಲ್ಲಿ ಆ ಯಂತ್ರವೇ ‘ಇವರು ಇಂತಹ ನಂಬರಿನವರು’ ಎಂದು ಒಂದು ಅಂಕೆಯನ್ನು ಹೇಳುವುದು. ಸರ್ವರು ಅದನ್ನು ನಂಬುವುದು. ಅನೇಕ ಲಿನಕ್ಸ್ ಯಂತ್ರಗಳಲ್ಲಿ ಮೊದಲು ಹೆಸರು ಬರೆಸಿಕೊಂಡವರಿಗೆ ೧೦೦೦ ಎಂಬ ನಂಬರು ಬೀಳುವುದು. ನಮ್ಮ ಆಫೀಸಿನ ಯಂತ್ರದಲ್ಲಿ ಗುಮಾಸ್ತೆಯವರ ನಂಬರು ೧೦೦೦. ಗ್ರಂಥಾಲಯದ ಯಂತ್ರದಲ್ಲಿ, ಯಾರು ಬೇಕಾದರೂ ಕುಳಿತುಕೊಳ್ಳುವ ‘ಓದುಗರು’ ಎಂಬ ಹೆಸರಿನ ನಂಬರೂ ೧೦೦೦. ಸರ್ವರಿನ ದೃಷ್ಟಿಯಲ್ಲಿ ಇವರಿಬ್ಬರೂ ಒಬ್ಬರೇ! ಯಂತ್ರದ ಯಜಮಾನನ ನಂಬರಾದ ಸೊನ್ನೆಯೊಂದನ್ನು ಮಾತ್ರ ಸರ್ವರು ನಂಬದೆ, ೬೫೫೩೪ ಎಂಬ ‘ಯಾರೂ ಅಲ್ಲದವನ’ ನಂಬರಿಗೆ ಇಳಿಸಿಬಿಡುವುದು. ಆದರೆ ಯಜಮಾನನಾದವನು ತನ್ನ ಯಂತ್ರದಲ್ಲಿ ೧೦೦೦ದವನ ವೇಷವನ್ನು ಹಾಕಿಕೊಳ್ಳುವುದಕ್ಕೆ ಅಡ್ಡಿಯೇನೂ ಇಲ್ಲ.

ಇನ್ನು ನನ್ನ ತಪ್ಪಿನ ಕಥೆ. ೨೦೨೨ನೆಯ ಇಸವಿಯ ಜೂನ್ ತಿಂಗಳಲ್ಲಿ, ಶಾಲೆ ತೆರೆದ ವಾರ, ಸಿಡಿಲು ಬಡಿದು ಸರ್ವರು ಕೆಟ್ಟಿತು. ಬೇರೆ ಯಂತ್ರವನ್ನು ತಂದು ನಿಲ್ಲಿಸಿದವರು, ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಬರೆಯಬೇಕಾದ ಸಾಲನ್ನು ನನ್ನ ನೋಟುಬುಕ್ಕಿನಲ್ಲಿ ಬರೆದುಕೊಟ್ಟು ಮಳೆ ಹೆಚ್ಚುವುದರೊಳಗೆ ಹೊರಟುಹೋದರು. ಅರ್ಥವಾಗುವುದಕ್ಕಾಗಿ ಅದನ್ನು ನಮ್ಮ ಅಕ್ಷರಗಳಲ್ಲಿಯೇ ಬರೆಯುತ್ತೇನೆ. ಕೊನೆಯ ಶಬ್ದಕ್ಕೆ ಓದಲೂ ಬರೆಯಲೂ ಅಧಿಕಾರವಿದೆ ಎಂದು ಅರ್ಥ.

/ದಾಖಲೆ ಆಫೀಸು(ಆರ್‌ಡಬ್ಲ್ಯು)

ಆ ಸಾಲನ್ನು ಯಂತ್ರದಲ್ಲಿ ಬರೆದವಳು ನಾನು. ಇಪ್ಪತ್ತು ವರ್ಷಗಳಿಂದ ಕಂಸದ ಹಿಂದೆ ಜಾಗ ಬಿಡದೆ ಬರೆದ ಪ್ರಬಂಧಗಳನ್ನು ಕೆಂಪು ಶಾಯಿಯಿಂದ ತಿದ್ದುತ್ತ ಬಂದ ಕೈ ಇದು. ಬರೆದುಕೊಟ್ಟವರ ಅಜಾಗರೂಕತೆಯೆಂದು ಭಾವಿಸಿ, ತಿದ್ದಿ ಬರೆದೆನು.

/ದಾಖಲೆ ಆಫೀಸು (ಆರ್‌ಡಬ್ಲ್ಯು)

ಒಂದು ತೆರಪು! ಯಂತ್ರದ ವ್ಯಾಕರಣದಲ್ಲಿ ತೆರಪು ಎಂದರೆ ಅಲ್ಲಿಗೆ ಒಂದು ಪದ ಮುಗಿದು ಮತ್ತೊಂದು ಪದ ಆರಂಭವಾಯಿತೆಂದು ಅರ್ಥ. ಆದುದರಿಂದ ನನ್ನ ಸಾಲು ಹೇಳಿದ್ದು ಹೀಗೆ: ಆಫೀಸು ಎಂಬ ಯಂತ್ರಕ್ಕೆ ವಾಡಿಕೆಯ ಅಧಿಕಾರ, ಅಂದರೆ ಓದುವುದಕ್ಕೆ ಮಾತ್ರ, ಮಿಕ್ಕ ಎಲ್ಲರಿಗೂ ಓದಲೂ ಬರೆಯಲೂ ಅಧಿಕಾರ. ಪಟ್ಟಿಯನ್ನು ಜಾರಿಗೆ ತರುವ ಆಜ್ಞೆಯನ್ನು ಕೊಟ್ಟಾಗ, ಕಂಸದ ಹಿಂದೆ ಯಂತ್ರದ ಹೆಸರಿಲ್ಲವೆಂಬ ಎಚ್ಚರಿಕೆಯ ಮಾತೊಂದು ತೆರೆಯ ಮೇಲೆ ಬಂದೇ ಇತ್ತು. ಹೆಸರು ಕಣ್ಣೆದುರಿಗೇ ಇದೆಯಲ್ಲಾ ಎಂದುಕೊಂಡು ನಾನು ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನವೇ ಗುಮಾಸ್ತೆಯವರು ಬಂದು, ‘ಮೇಡಂ, ಪಟ್ಟಿ ಓದಲಿಕ್ಕೆ ಬರುತ್ತದೆ, ಬರೆಯಲಿಕ್ಕೆ ಬರುವುದಿಲ್ಲ’ ಎಂದರು. ಹೊಸ ಯಂತ್ರದ ಹಟವೆಂದುಕೊಂಡು, ‘ಸದ್ಯಕ್ಕೆ ಸರ್ವರಿನ ಎದುರಿಗೇ ಕುಳಿತು ಬರೆಯಿರಿ’ ಎಂದು ಹೇಳಿಬಿಟ್ಟೆನು. ಬಾಗಿಲು ಮುಚ್ಚಿದೆಯೆಂಬ ದೂರು ಬಂದರೆ ಅದು ಹೆಚ್ಚು ಬಿಗಿಯಾಗಿದೆಯೆಂದೇ ನಾವು ತಿಳಿಯುವೆವಲ್ಲವೆ? ಅಪ್ಪಣೆ ಇರಬೇಕಾದ ಒಬ್ಬರಿಗೇ ಮುಚ್ಚಿ ಉಳಿದ ಸಕಲರಿಗೂ ತೆರೆದಿರಬಹುದೆಂಬುದು ನನಗೆ ಹೊಳೆಯಲಿಲ್ಲ.

ಆಗಸ್ಟಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಗ್ರಂಥಾಲಯದ ಕಂಪ್ಯೂಟರನ್ನು ಸರಿಪಡಿಸಿಕೊಡಲು ಬೆಂಗಳೂರಿನಿಂದ ಬಂದಳು. ಮೌಂಟ್‌ಡಿಗೆ ಅರಿಕೆಗಳನ್ನು ವಿಚಾರಿಸುವುದಲ್ಲದೆ ಇನ್ನೊಂದು ಕರ್ತವ್ಯವೂ ಇದೆ: ‘ನೀನು ಯಾವ ಯಾವ ಫೋಲ್ಡರುಗಳನ್ನು ಯಾರು ಯಾರಿಗೆ ತೋರಿಸುವೆ?’ ಎಂದು ಕೇಳಿದರೆ ಪಟ್ಟಿಯನ್ನು ಒಪ್ಪಿಸಬೇಕು. ಅವಳು ಗ್ರಂಥಾಲಯದಲ್ಲಿ ಕುಳಿತು ಹಾಗೆ ಕೇಳಿದಳು. ದಾಖಲೆಯ ಫೋಲ್ಡರಿನ ಎದುರಿಗೆ ‘ಎಲ್ಲರಿಗೂ’ ಎಂದು ಉತ್ತರ ಬಂದಿತು. ನನ್ನ ಕೋಣೆಗೆ ಬಂದು, ‘ಟೀಚರ್, ಒಂದು ನಿಮಿಷ ಬನ್ನಿ’ ಎಂದು ಕರೆದುಕೊಂಡು ಹೋದಳು. ನನ್ನ ಕಣ್ಣೆದುರಿಗೆ ಮೌಂಟ್ ಮಾಡಿದಳು. ಮೌಂಟ್‌ಡಿಯು ಕ್ಷಣಮಾತ್ರದಲ್ಲಿ ಸೊನ್ನೆಯನ್ನೂ ಹ್ಯಾಂಡಲನ್ನೂ ಕೊಟ್ಟನು. ಅವಳು ‘ಓದುಗರು’ ಎಂಬ ಹೆಸರಿನಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ತೆರೆದಳು. ಪಕ್ಕದಲ್ಲಿ ಒಂದು ಖಾಲಿ ಫೈಲನ್ನು ಬರೆದು ತೋರಿಸಿದಳು. ಅದು ಉಳಿಯಿತು. ನಾನು ಬಳಿಯಲ್ಲಿದ್ದ ಬೆಂಚಿನ ಮೇಲೆ ಕುಳಿತುಕೊಂಡೆನು.

ಮೌಂಟ್ ಅರಿಕೆಯು ೧೦೨೪ಕ್ಕಿಂತ ಕೆಳಗಿನ ಪೋರ್ಟಿನಿಂದ ಬಂದಿರಬೇಕು, ಅಂತಹ ಪೋರ್ಟನ್ನು ಯಂತ್ರದ ಯಜಮಾನನು ಮಾತ್ರ ಉಪಯೋಗಿಸಬಲ್ಲನು ಎಂಬ ವಾಡಿಕೆಯ ನಿಯಮವೊಂದು ಇದೆ. ಅದರಿಂದ ರಕ್ಷಣೆಯಾಗಿರಬಹುದೇ ಎಂದು ಆಸೆಯಿಂದ ಕೇಳಿದೆನು. ‘ಸ್ವಂತ ಲ್ಯಾಪ್‌ಟಾಪ್ ತಂದವರು ಅದಕ್ಕೆ ತಾವೇ ಯಜಮಾನರಲ್ಲವೆ, ಟೀಚರ್?’ ಎಂದಳು. ನಮ್ಮ ಶಾಲೆಯ ನೆಟ್‌ವರ್ಕಿಗೆ ಸೇರಿಕೊಂಡವರು ಯಾರಾದರೂ ಆಗಬಹುದಾಗಿತ್ತು.

ಆ ತೆರಪನ್ನು ಅಳಿಸಿ ಪಟ್ಟಿಯನ್ನು ಮತ್ತೆ ಜಾರಿಗೆ ತಂದೆವು. ಗ್ರಂಥಾಲಯದ ಯಂತ್ರದಲ್ಲಿ ಮೌಂಟ್ ಆಗಿಯೇ ಇದ್ದ ಫೋಲ್ಡರು ಆಗಿನಿಂದಲೇ ತೆರೆಯದಾಯಿತು; ಹೊಸದಾಗಿ ಕೇಳಿದರೆ ೧೩. ಗುಮಾಸ್ತೆಯವರು ತಮ್ಮ ಮೇಜಿನಿಂದಲೇ ಬರೆಯುವಂತಾಯಿತು. ಮುಂದಿನ ಮೂರು ಸಂಜೆ ಅವರೂ ನಾನೂ ಇಬ್ಬರು ಉಪಾಧ್ಯಾಯಿನಿಯರೂ ಕುಳಿತು, ಯಂತ್ರದಲ್ಲಿದ್ದ ಅಂಕಗಳನ್ನು ಕಾಗದದ ರಿಜಿಸ್ಟರಿನೊಡನೆ ಒಂದೊಂದಾಗಿ ಹೋಲಿಸಿದೆವು. ಯಾವುದೂ ಬದಲಾಗಿರಲಿಲ್ಲ. ಆದರೆ ಬರೆದುಹೋದವರ ಗುರುತನ್ನು ಹೀಗೆ ಹುಡುಕಬಹುದು, ಓದಿಹೋದವರ ಗುರುತನ್ನು ಹುಡುಕುವುದು ಹೇಗೆ? ಮೌಂಟ್‌ಡಿಯ ದಫ್ತರಿನಲ್ಲಿ ಆಫೀಸಿನ ಯಂತ್ರವೂ ಗ್ರಂಥಾಲಯದ ಯಂತ್ರವೂ ಮಾತ್ರ ಇದ್ದುವು. ಅದು ಸಾಕ್ಷ್ಯವಾಗಲಾರದು. ಹೇಳದೆ ಕೇಳದೆ ವಿದ್ಯುತ್ತು ಹೋಗಿ ನಿಂತ ಯಂತ್ರದ ಹೆಸರು ಅದರಲ್ಲಿ ಉಳಿದಿರುವುದು. ಹೋಗುವಾಗ ಹೇಳಿ ಹೋದವರ ಹೆಸರು ಅಳಿದುಹೋಗುವುದು. ಸರ್ವರಾದರೋ ಆ ದಫ್ತರನ್ನು ನೋಡಿ ಯಾರನ್ನೂ ಒಳಗೆ ಬಿಡುವುದೂ ಇಲ್ಲ, ಹೊರಗೆ ತಳ್ಳುವುದೂ ಇಲ್ಲ.

ಸೆಪ್ಟೆಂಬರಿನ ಸಭೆಯಲ್ಲಿ ನಾನು ಇದನ್ನು ತಿಳಿಸಿದಾಗ ಒಬ್ಬ ತಾಯಿಯವರು ಎದ್ದುನಿಂತು, ‘ನನ್ನ ಮಗಳ ವಿಳಾಸವೂ ಅದರಲ್ಲಿ ಇತ್ತೇ?’ ಎಂದು ಕೇಳಿದರು. ‘ಇತ್ತು’ ಎಂದೆನು. ಅವರು ಯಾತಕ್ಕಾಗಿ ಕೇಳಿದರೆಂಬುದು ನನಗೆ ತಿಳಿದಿತ್ತು. ಅದನ್ನು ಇಲ್ಲಿ ಬರೆಯತಕ್ಕದ್ದಲ್ಲ.

ವಿಳಾಸಗಳನ್ನು ಆ ತಿಂಗಳಲ್ಲಿಯೇ ಬೇರೆಯ ಡಿಸ್ಕಿಗೆ ಸಾಗಿಸಿದೆವು. ಆ ಡಿಸ್ಕಿನ ಹೆಸರು ಎಕ್ಸ್‌ಪೋರ್ಟ್ಸ್ ಪಟ್ಟಿಯಲ್ಲಿಯೇ ಇಲ್ಲ. ಬೇರೆಯ ಫೋಲ್ಡರು ಸಾಲದೇ, ಡಿಸ್ಕೇ ಏಕೆ ಎಂದು ಕೆಲವರು ಕೇಳಿದರು. ಒಂದು ಫೋಲ್ಡರಿಗೆ ಅಪ್ಪಣೆ ಪಡೆದವನು, ವಾಡಿಕೆಯ ಏರ್ಪಾಡಿನಲ್ಲಿ, ಅದೇ ಡಿಸ್ಕಿನ ಭಾಗದಲ್ಲಿರುವ ಮತ್ತೊಂದು ಫೈಲಿನ ಹ್ಯಾಂಡಲನ್ನು ಊಹಿಸಿ ತೋರಿಸಿದರೆ ಎನ್‌ಎಫ್‌ಎಸ್‌ಡಿಯು ಆಕ್ಷೇಪಿಸದೆ ಇರಬಹುದು. ಪಟ್ಟಿಯಲ್ಲಿ ಫೋಲ್ಡರಿನ ಹೆಸರಿದ್ದರೂ ಬೇಲಿಯು ಇರುವುದು ಡಿಸ್ಕಿನ ಭಾಗದ ಸುತ್ತಲೂ ಎಂದು ತಿಳಿಯಬೇಕು. ಗ್ರಂಥಾಲಯದ ‘ಓದುಗರು’ ಎಂಬ ಹೆಸರಿಗೆ ೧೦೦೦ವನ್ನು ತೆಗೆದು ಬೇರೆ ನಂಬರನ್ನು ಕೊಟ್ಟಿದ್ದೇವೆ. ಅದು ಸಣ್ಣ ಸಹಾಯವೇ ಹೊರತು ಪರಿಹಾರವಲ್ಲ.

ಪರಿಹಾರವೆಂದರೆ, ಬಂದ ಮನುಷ್ಯನನ್ನೇ ಗುರುತಿಸುವ ಏರ್ಪಾಡು. ಎಂ. ಐ. ಟಿ.ಯಲ್ಲಿ ೧೯೮೦ರ ದಶಕದಲ್ಲಿ ಹುಟ್ಟಿದ ಕರ್ಬೆರಾಸ್ ಎಂಬುದು ಅಂತಹದು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಇದು. ಈ ವಿದ್ಯೆಯವರಿಗೆ ಬಾಗಿಲುಗಳ ಮೇಲೂ ಅವುಗಳನ್ನು ಕಾಯುವ ವಿಚಿತ್ರ ಪ್ರಾಣಿಗಳ ಮೇಲೂ ಬಹಳ ಮೋಹವೆಂದು ತೋರುತ್ತದೆ. ಎನ್. ಎಫ್. ಎಸ್.ನ ನಾಲ್ಕನೆಯ ಆವೃತ್ತಿಯು ಇದರೊಡನೆ ಕೂಡಿ ನಡೆಯುವಂತೆ ಮೊದಲಿನಿಂದಲೇ ನಿಯಮವಾಗಿದೆ. ಆ ಆವೃತ್ತಿಯಲ್ಲಿ ಮೌಂಟ್ ಅರಿಕೆಗೆಂದು ಪ್ರತ್ಯೇಕ ಬಾಗಿಲೇ ಇಲ್ಲ. ಕ್ಲೈಂಟು ೨೦೪೯ಕ್ಕೆ ನೆಟ್ಟಗೆ ಬಂದು, ಬುಡದಿಂದ ಆರಂಭಿಸಿ ಒಂದೊಂದೇ ಹೆಸರನ್ನು ಹೇಳುತ್ತ ಬೇಕಾದ ಫೋಲ್ಡರಿನವರೆಗೆ ನಡೆಯುವುದು. ಹಾಗೆಂದು ಲಿನಕ್ಸಿನಲ್ಲಿ ಮೌಂಟ್‌ಡಿಗೆ ವಿಶ್ರಾಂತಿ ದೊರೆತಿಲ್ಲ. ಈ ವಿಳಾಸದವನಿಗೆ ಅಪ್ಪಣೆ ಇದೆಯೇ ಎಂದು ಎನ್‌ಎಫ್‌ಎಸ್‌ಡಿಯು ಈಗಲೂ ಅವನನ್ನೇ ಕೇಳುವುದುಂಟು. ಹೊರಗಿನವರಿಗೆ ಕಾಣದೆ ಒಳಮನೆಯಲ್ಲಿ ಕುಳಿತು ಉತ್ತರ ಹೇಳುವನು. ಕರ್ಬೆರಾಸಿಗಾಗಿ ನಮ್ಮಲ್ಲಿ ಹೊಸ ಯಂತ್ರಗಳು ಬೇಕು, ಅದನ್ನು ನಡೆಸಬಲ್ಲವರೂ ಬೇಕು. ಅದು ಕೂಡಿಬರುವವರೆಗೆ, ಪ್ರತಿ ತಿಂಗಳ ಮೊದಲನೆಯ ಶನಿವಾರ ಗುಮಾಸ್ತೆಯವರು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತು, ಯಾವುದನ್ನು ಯಾರಿಗೆ ತೋರಿಸುವೆ ಎಂದು ಮೌಂಟ್‌ಡಿಯನ್ನು ಕೇಳುವರು. ಬಂದ ಉತ್ತರವನ್ನು ಅಚ್ಚುಮಾಡಿ ರಿಜಿಸ್ಟರಿನಲ್ಲಿ ಅಂಟಿಸಿ ನನ್ನ ಮೇಜಿಗೆ ಕಳುಹಿಸುವರು. ನಾನು ಅದನ್ನು ಓದಿ ರುಜು ಹಾಕುವೆನು.